ಸೈಡ್‌ವಿಂಗ್ ಇಲ್ಲದ ರಂಗಮಂದಿರ

ಫೆಬ್ರವರಿ ೨, ಸೋಮವಾರ

ನಗರೋತ್ಸವದ ನಾಟಕ ಸ್ಪರ್ಧೆಗೆ ನಮ್ಮ ತಂಡ ಆಯ್ಕೆಯಾಗಿದೆ. ಸಂಜೆ ಎಲ್ಲರೂ ಹೋಗಿ ರಂಗಮಂದಿರ ನೋಡಿ ಬಂದೆವು. ಇಷ್ಟು ವರ್ಷ ಅಲ್ಲಿ ಪ್ರೇಕ್ಷಕಿಯಾಗಿ ಕೂತಿದ್ದೇನೆಯೇ ಹೊರತು ರಂಗದ ಮೇಲೆ ಕಾಲಿಟ್ಟಿರಲಿಲ್ಲ. ಬಣ್ಣ ಕಾಣದ ಕಾಂಕ್ರೀಟು, ಸುರಿಯುವಾಗ ಕಟ್ಟಿದ ಹಲಗೆಗಳ ಗೆರೆ ಗೋಡೆಯ ಮೇಲೆ ಹಾಗೇ ಉಳಿದಿದೆ. ಊರಿಗೆ ಜನ ಬರುವ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಬಿಟ್ಟಿದ್ದರು: ಇಲ್ಲಿ ನಾಟಕ, ಇಲ್ಲಿ ಚಿತ್ರಶಾಲೆ, ಇಲ್ಲಿ ಸಂಭ್ರಮಕ್ಕೊಂದು ಮೈದಾನ. ಆಮೇಲೆ ಬಂದವರು ಹೇಳಿದ ಜಾಗದಲ್ಲಿ ಸಂಭ್ರಮಪಡುವುದನ್ನು ಕಲಿತರು. ರಂಗಮಂದಿರದ ಎದುರಿನ ಶಿಲ್ಪಕ್ಕೆ 'ಉದಯ' ಎಂದು ಹೆಸರು ಕೆತ್ತಿದ್ದಾರೆ. ಊರವರ ಬಾಯಲ್ಲಿ ಅದು ಮಡಚಿದ ಕುರ್ಚಿ. "ಮಡಚಿದ ಕುರ್ಚಿ ಹತ್ರ ಇಳಿಸಪ್ಪಾ" ಅಂದರೆ ಬಸ್ಸಿನವರು ಮರುಮಾತಿಲ್ಲದೆ ಇಳಿಸುತ್ತಾರೆ.

ರಂಗಕ್ಕೆ ಪರದೆ ಇಲ್ಲ, ಪಕ್ಕದಲ್ಲಿ ಮರೆಯಾಗಿ ನಿಲ್ಲಲು ಸೈಡ್‌ವಿಂಗ್ ಇಲ್ಲ. ಮೂರು ಕಡೆ ಪ್ರೇಕ್ಷಕರು, ಹಿಂದೊಂದು ಬೋಳು ಗೋಡೆ. ನಾನು ಪ್ರಾಂಪ್ಟರ್. ಮರೆತ ಮಾತನ್ನು ನಟನ ಕಿವಿಗೆ ಮುಟ್ಟಿಸುವುದು, ಅಂದರೆ ಮಾತು ಕೊಡುವುದು, ನನ್ನ ಕೆಲಸ. ಅದಕ್ಕೊಂದು ಮರೆ ಬೇಕು.

"ನಾನೆಲ್ಲಿ ಕೂತ್ಕೊಳ್ಳಲಿ?" ಎಂದು ರಂಗಮಂದಿರದ ಮೇಲ್ವಿಚಾರಕರನ್ನು ಕೇಳಿದೆ.

"ಅಮ್ಮಾ, ಇದನ್ನ ಕಟ್ಟಿದ ಮಹಾನುಭಾವನಿಗೆ ನಟರು ಮಾತು ಮರೀತಾರೆ ಅನ್ನೋದೇ ಗೊತ್ತಿರ್ಲಿಲ್ಲ. ಎಲ್ಲಾ ಬಯಲಲ್ಲೇ ಆಗ್ಬೇಕು ಅಂದ್ಬಿಟ್ಟ. ಪುಣ್ಯಕ್ಕೆ ಬಚ್ಚಲಿಗೆ ಬಾಗಿಲು ಇಡಿಸಿದ."

"ಪ್ರಾಂಪ್ಟರ್ ಯಾಕೆ ಬೇಕು?" ಎಂದರು ದೊರೆ, ರಂಗದ ನಟ್ಟನಡುವೆ ನಿಂತು. "ಉಳಿದವರಿಗೆ ಬೇಕಿದ್ರೆ ಇಟ್ಕೊಳ್ಳಿ. ನನಗೆ ಯಾವತ್ತೂ ಬೇಕಾಗಿಲ್ಲ."

ಯಾವ ಪಾತ್ರ ಕೊಟ್ಟರೂ ರಾಜನ ನಡಿಗೆಯಲ್ಲೇ ಬರುತ್ತಾರೆಂದು ತಂಡದವರು ಇಟ್ಟ ಹೆಸರು ದೊರೆ. ನಾನೂ ಹಾಗೇ ಬರೆಯುತ್ತೇನೆ. 'ನಮ್ಮೆಜಮಾನರು' ಎಂದು ಬರೆಯುವ ಹಾಗಿಲ್ಲ. ಮೂರು ವರ್ಷದಿಂದ ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿದ್ದೇವೆ. ದೊಡ್ಡ ಕಾರಣವೇನೂ ಇಲ್ಲ. ಮದುವೆಯಾದಾಗಿನಿಂದ ಅವರು ಜೋರಾಗಿ ಮಾತಾಡಿದರು, ನಾನು ಮೆಲ್ಲಗೆ. ಒಂದು ದಿನ ಸಾಕು ಅನ್ನಿಸಿತು. ತಂಡವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಈ ನಾಟಕ ಮುಗಿದ ಮೇಲೆ ನಾನು ಅದನ್ನೂ ಬಿಡಬೇಕೆಂದಿದ್ದೇನೆ.

ಫೆಬ್ರವರಿ ೬, ಶುಕ್ರವಾರ

ನನ್ನ ಜಾಗದ ಪ್ರಶ್ನೆಯನ್ನು ನಿರ್ದೇಶಕಿ ಬಗೆಹರಿಸಿದಳು. ಚಿಕ್ಕ ವಯಸ್ಸು, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಯಾವ ಸಮಸ್ಯೆಗೂ ಉತ್ತರ ಇದೆಯೆಂದೇ ನಂಬಿದವಳು. ನಾಟಕದಲ್ಲಿ ದೊರೆ ಒಬ್ಬ ಡಾಕ್ಟರು. ಮರುದಿನ ದವಾಖಾನೆ ಮುಚ್ಚಲಿದ್ದಾರೆ; ಕೊನೆಯ ದಿನ ಒಬ್ಬೊಬ್ಬರಾಗಿ ರೋಗಿಗಳು ಬಂದು ಹೋಗುತ್ತಾರೆ. ಎಲ್ಲರೂ ಹೋದ ಮೇಲೆ ಕಾಂಪೌಂಡರ್ ಎದುರು ತಮ್ಮ ಮೊದಲ ದಿನದ ಕಥೆ ಹೇಳಿ ದೀಪ ಆರಿಸುತ್ತಾರೆ.

"ರೋಗಿಗಳು ಕಾಯೋದಕ್ಕೆ ಬೆಂಚು ಹೇಗೂ ಬೇಕು" ಎಂದಳು. "ಅಕ್ಕ ಅಲ್ಲೇ ಕೂತ್ಕೊಳ್ಳಲಿ. ಕೈಯಲ್ಲಿ ಒಂದು ವಾರಪತ್ರಿಕೆ. ಅದರೊಳಗೆ ನಾಟಕದ ಹಾಳೆ. ಮುಖ ಮುಚ್ಕೊಂಡು ಮಾತು ಕೊಡ್ತಾ ಇರಲಿ."

"ಕೊನೇವರೆಗೂ ಸರದಿ ಬರದ ರೋಗಿ!" ಎಂದು ಕಾಂಪೌಂಡರ್ ಪಾತ್ರದವರು ನಕ್ಕರು. ನಲವತ್ತು ದಾಟಿದವರು, ಬ್ಯಾಂಕಿನಲ್ಲಿ ಕೆಲಸ. ನಾವು ಬ್ಯಾಂಕಿನವರು ಅಂತಲೇ ಕರೆಯುವುದು. "ಸರ್ಕಾರಿ ಆಸ್ಪತ್ರೆ ಥರಾನೇ ಇರುತ್ತೆ, ಬಿಡಿ. ಯಾರಿಗೂ ಅನುಮಾನ ಬರಲ್ಲ."

ಇಷ್ಟು ವರ್ಷ ನಾಟಕದಲ್ಲಿದ್ದೂ ನಾನು ಒಮ್ಮೆಯೂ ಬೆಳಕಿಗೆ ಬಂದಿಲ್ಲ. ಒಪ್ಪಿಕೊಂಡೆ. ಕೂತಿರುವುದಷ್ಟೇ ತಾನೆ.

ಫೆಬ್ರವರಿ ೧೧, ಬುಧವಾರ

ತಾಲೀಮಿನಲ್ಲಿ ದೊರೆ ಮೊದಲ ದೃಶ್ಯದಲ್ಲೇ ನಿಂತರು.

ಮೌನದಲ್ಲಿ ಎರಡು ಬಗೆ ಉಂಟು. ನಟ ಬೇಕೆಂದೇ ನಿಲ್ಲಿಸಿದಾಗ ಭುಜ ಇಳಿದಿರುತ್ತದೆ. ಮರೆತು ನಿಂತಾಗ ಕಿವಿಯ ಕಡೆಗೆ ಏರುತ್ತದೆ. ಪ್ರಾಂಪ್ಟರ್ ನೋಡಬೇಕಾದ್ದು ಅದನ್ನು, ಹಾಳೆಯನ್ನಲ್ಲ. ದೊರೆಯ ಭುಜ ಏರಿದ್ದನ್ನು ನಾನು ಇವತ್ತೇ ಕಂಡದ್ದು. ಮಾತು ಕೊಟ್ಟೆ. ತೆಗೆದುಕೊಂಡರು, ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದರು.

"ಅದು ಬೇಕೂಂತಲೇ ಕೊಟ್ಟ ಪಾಝ್. ಹಾಳು ಮಾಡಿದ್ಯಲ್ಲ."

"ಸರಿ" ಎಂದೆ.

ಮತ್ತೆ ಎರಡು ಕಡೆ ಹಾಗೇ ಆಯಿತು. ದುರುಗುಟ್ಟಲಿಲ್ಲ.

ಫೆಬ್ರವರಿ ೧೪, ಶನಿವಾರ

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಬಾಗಿಲು ದೂಡಿಕೊಂಡು ದೊರೆ ಒಳಗೆ ಬಂದರು. ಚಪ್ಪಲಿ ಬಿಟ್ಟರು, ಚೀಲ ಮೂಲೆಗಿಟ್ಟರು, "ಇವಳೇ, ಟೀ ಇದೆಯಾ?" ಎನ್ನುತ್ತ ಫ್ಯಾನ್ ಹಾಕಿ ಕೂತರು.

ಈ ಊರಿನಲ್ಲಿ ಮನೆ ತಪ್ಪುವುದು ತಮಾಷೆಯ ವಿಷಯ. ಸಾಲು ಸಾಲಾಗಿ ಒಂದೇ ಅಚ್ಚಿನ ಮನೆಗಳು. ಬಾಗಿಲಿನ ಬಣ್ಣವೂ ಒಂದೇ ಇರಬೇಕೆಂಬ ನಿಯಮವಿದೆ. ಬೇರೆ ಬಣ್ಣ ಬಳಿದವರಿಗೆ ನೋಟಿಸು ಹೋಗುವುದು ನಾನು ಕೆಲಸ ಮಾಡುವ ನಕ್ಷೆ ಕಚೇರಿಯಿಂದಲೇ. ಪಕ್ಕದ ಸಾಲಿನ ಮನೆಗೆ ಹೊಕ್ಕು, ಟಿವಿ ಹಾಕಿ ಕೂತು, ಯಾರದೋ ಹೆಂಡತಿಗೆ ಊಟ ಬಡಿಸು ಎಂದವರ ಕಥೆ ಪ್ರತಿ ಸೆಕ್ಟರಿನಲ್ಲೂ ಒಂದಿದೆ. ನಾನೂ ನಕ್ಕು, "ಮನೆ ತಪ್ಪಿದಿರಿ" ಎಂದೆ.

ಅವರು ಸುತ್ತ ನೋಡಿದರು. "ಹೌದಲ್ಲ! ಎಲ್ಲಾ ಒಂದೇ ಥರ ಕಟ್ಟಿ ಸಾಯ್ತಾರೆ" ಎಂದು ಜೋರಾಗಿ ನಕ್ಕರು. ಟೀ ಕುಡಿದೇ ಹೋದರು.

ಅವರು ಹೋದ ಮೇಲೆ ನನಗೆ ಹೊಳೆಯಿತು. ಇಲ್ಲಿನ ಮನೆಗಳಲ್ಲಿ ಎರಡು ಮಾದರಿ. ಒಂದರ ನಕ್ಷೆಯನ್ನು ಮಗುಚಿ ಹಾಕಿದರೆ ಇನ್ನೊಂದು, ಕನ್ನಡಿಯಲ್ಲಿ ಕಂಡ ಹಾಗೆ. ಈಗ ಅವರಿರುವ ಮನೆಯಲ್ಲಿ ಬಾಗಿಲು ದಾಟಿದರೆ ಸ್ವಿಚ್ಚು ಬಲಗಡೆ, ಮೊದಲು ಇಬ್ಬರೂ ಕೂಡಿ ಇದ್ದ ನನ್ನ ಈ ಮನೆಯಲ್ಲಿ ಎಡಗಡೆ. ತಮ್ಮ ಮನೆಯೆಂದುಕೊಂಡು ಬಂದಿದ್ದರೆ ಅವರ ಕೈ ಬಲಗಡೆಯ ಗೋಡೆಯನ್ನು ತಡವಬೇಕಿತ್ತು. ತಡವಲಿಲ್ಲ. ನೇರವಾಗಿ ಎಡಕ್ಕೆ ಹೋಯಿತು.

ಅವರು ಬಂದದ್ದು ಸರಿಯಾದ ಮನೆಗೇ. ಮೂರು ವರ್ಷ ತಡವಾಗಿತ್ತು, ಅಷ್ಟೇ.

ಫೆಬ್ರವರಿ ೧೮, ಬುಧವಾರ

ಮತ್ತೆ ಬಂದರು. ಈ ಸಲ ತರಕಾರಿ ತಂದಿದ್ದರು. ನಾನು ಮನೆ ತಪ್ಪಿದಿರಿ ಅನ್ನಲಿಲ್ಲ. ಟೀ ಕೊಟ್ಟೆ. ಕುಡಿಯುತ್ತಿದ್ದಂತೆ ಅವರಿಗೇ ತಿಳಿಯಿತು. ಲೋಟವನ್ನು ಅರ್ಧಕ್ಕೇ ಇಟ್ಟು, "ಈ ಕಡೆ ಕೆಲಸ ಇತ್ತು, ಹಾಗೇ ಬಂದೆ" ಎಂದು ಎದ್ದರು. ತರಕಾರಿ ಬಿಟ್ಟು ಹೋದರು.

ಪರವೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ.

"ಅಮ್ಮ, ಡಾಕ್ಟ್ರಿಗೆ ತೋರಿಸ್ಬೇಕು. ಅಪ್ಪನ ಹತ್ರ ನಾನು ಮಾತಾಡ್ತೀನಿ."

"ನಾಟಕ ಮುಗೀಲಿ."

"ನಿನಗೆ ನಾಟಕವೇ ಹೆಚ್ಚಾಯ್ತಾ?"

"ಅವರಿಗೆ ಹೆಚ್ಚು. ಈಗ ತಪ್ಪಿಸಿದ್ರೆ ಮುರಿದು ಬೀಳ್ತಾರೆ."

"ನೀನು ಅವರನ್ನ ಬಿಟ್ಟೋಳು ತಾನೇ? ಈಗ ಅವರ ಚಿಂತೆ ಯಾಕೆ?"

ಚಿಂತೆ ಅಲ್ಲ, ನಾನು ಪ್ರಾಂಪ್ಟರ್ ಎಂದೆ. ಉತ್ಸವ ಮುಗಿದ ಸೋಮವಾರ ತಾನೇ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದಳು.

ಫೆಬ್ರವರಿ ೨೧, ಶನಿವಾರ

ತಾಲೀಮು ಮುಗಿದ ಮೇಲೆ ನಿರ್ದೇಶಕಿ ನನ್ನನ್ನು ಬದಿಗೆ ಕರೆದಳು.

"ಅಕ್ಕ, ನಿಜ ಹೇಳಿ. ದೊರೆ ಸರ್‌ಗೆ ಏನಾದ್ರೂ ಆಗಿದೆಯಾ? ಮಾತು ಜಾರ್ತಾ ಇದೆ. ಇಡೀ ತಂಡದ ಮರ್ಯಾದೆ ಪ್ರಶ್ನೆ. ಬ್ಯಾಂಕಿನವರಿಗೆ ಪಾತ್ರ ಕೊಡೋದಾದ್ರೆ ಈಗಲೇ ಕೊಡ್ಬೇಕು. ನಿಮಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಾಗಲ್ಲ."

ದೊರೆ ಆ ತುದಿಯಲ್ಲಿ ಕೋಟು ತೊಡುತ್ತಿದ್ದರು. ತೋಳು ಸಿಗದೆ ಎರಡು ಸಲ ತಡವಿದರು.

"ಏನೂ ಆಗಿಲ್ಲ" ಎಂದೆ. "ಹೊಸ ನಾಟಕ ಅಲ್ವಾ. ಕೂರುತ್ತೆ."

"ನೀವು ಹೇಳಿದ್ರೆ ಸರಿ" ಎಂದಳು. ಮುಖದ ಮೇಲಿನ ಗೆರೆಗಳೆಲ್ಲ ಸಡಿಲಾದವು. ಅಷ್ಟು ಸುಲಭವಾಗಿ ನಂಬಬಾರದಿತ್ತು.

ಫೆಬ್ರವರಿ ೨೨, ಭಾನುವಾರ

ದೊರೆಗೆ ಫೋನು ಮಾಡಿ, ಬೆಂಚಿನ ಮೇಲೆ ಕೂತು ಮಾತು ಕೊಡುವುದು ನನಗೆ ಕಷ್ಟವಾಗುತ್ತಿದೆ, ಅಭ್ಯಾಸ ಬೇಕು, ಸಂಜೆ ಮನೆಗೆ ಬಂದು ಹೋಗಿ ಎಂದೆ. "ನಿನಗೆ ಅಭ್ಯಾಸವಾ?" ಎಂದು ನಕ್ಕರು. ಬಂದರು.

ಫೆಬ್ರವರಿ ೨೭, ಶುಕ್ರವಾರ

ದಿನವೂ ಬರುತ್ತಿದ್ದಾರೆ. ಊಟದ ಮೇಜನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿದ್ದೇನೆ. ನಾನು ಕಾಂಪೌಂಡರ್, ನಾನೇ ಎಲ್ಲ ರೋಗಿಗಳು. ಒಂದು ವಿಚಿತ್ರ ಗಮನಿಸಿದೆ. ಮುಂದಿನ ಮಾತನ್ನು ನಾನು ಕೊಟ್ಟರೆ ಅವರಿಗೆ ಸಿಟ್ಟು ಬರುತ್ತದೆ, ಕೆಲವೊಮ್ಮೆ ಅದೂ ಹಿಡಿಯುವುದಿಲ್ಲ. ಅದೇ ಮಾತಿನ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ. 'ಜ್ವರ ಬಂದು ಎಷ್ಟು ದಿನವಾಯಿತು' ಎಂಬ ಸಾಲನ್ನು ಪಿಸುಗುಟ್ಟಿದರೆ ಸುಮ್ಮನಿರುತ್ತಾರೆ. "ಡಾಕ್ಟರೇ, ನನಗೆ ಜ್ವರ" ಎಂದರೆ ತಕ್ಷಣ, "ಬಂದು ಎಷ್ಟು ದಿನ ಆಯ್ತು?" ಎನ್ನುತ್ತಾರೆ. ಇದಕ್ಕೂ ಪ್ರಾಂಪ್ಟಿಂಗ್ ಎನ್ನುತ್ತಾರೋ ಇಲ್ಲವೋ.

ನಾನು ಬೇರೆಯಾದ ಮೇಲೆ ಕುರ್ಚಿಯನ್ನು ಕಿಟಕಿಯ ಬಳಿ ಹಾಕಿಕೊಂಡಿದ್ದೆ. ಅವರು ಓಡಾಡುವಾಗ ಎರಡು ಸಲ ಎಡವಿದರು. ಮೊದಲಿದ್ದ ಕಡೆಯೇ ಹಾಕಿದ್ದೇನೆ. ಅಲ್ಲೂ ಗಾಳಿ ಬರುತ್ತದೆ.

ಮಾರ್ಚ್ ೪, ಬುಧವಾರ

ಇವತ್ತು ಒಂದು ಕಡೆಯೂ ನಿಲ್ಲಲಿಲ್ಲ. ಮುಗಿಸಿ, "ಹೇಗಿತ್ತು?" ಎಂದು ಕೇಳಿದರು. ಮೊದಲೆಲ್ಲ ಕೇಳುತ್ತಿರಲಿಲ್ಲ. ಚೆನ್ನಾಗಿತ್ತು ಎಂದೆ. ಹೊರಡುವಾಗ ಬಾಗಿಲಲ್ಲಿ ನಿಂತು ರಸ್ತೆಯ ಎರಡೂ ಕಡೆ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೋಗಿ ಬಿಟ್ಟು ಬಂದೆ. ಹಾಲು ತರುವುದೂ ಇತ್ತು.

ಮಾರ್ಚ್ ೯, ಸೋಮವಾರ

ನಗರೋತ್ಸವ ಶುರುವಾಯಿತು. ತೋಟಗಾರಿಕೆಯವರು ಒಂದೇ ದಿನ ಅರಳುವಂತೆ ಲೆಕ್ಕ ಹಾಕಿ ನೆಟ್ಟ ಹೂಗಳು ಲೆಕ್ಕ ತಪ್ಪದೆ ಅರಳಿವೆ. ಯಾರು ಬೇಕಾದರೂ ಚಿತ್ರ ಬರೆಯಬಹುದೆಂದು ಒಂದು ಗೋಡೆ ಬಿಟ್ಟುಕೊಟ್ಟಿದ್ದಾರೆ. ಪಕ್ಕದ ಗೋಡೆಗೆ ಚಿಮ್ಮಿದ ಬಣ್ಣ ಒರೆಸಲು ಇಬ್ಬರು ಕೆಲಸಗಾರರು ಬಕೆಟ್ ಹಿಡಿದು ನಿಂತಿದ್ದರು. ಮೈದಾನದಲ್ಲಿ ವಾದ್ಯಗೋಷ್ಠಿ. ವಾದ್ಯದವರು ನಿಲ್ಲಬೇಕಾದ ವೃತ್ತವನ್ನು ಬರೆದುಕೊಟ್ಟವಳು ನಾನೇ. ಅವರು ವೃತ್ತದಿಂದ ಆಚೆ ಬಂದು ಬಾರಿಸಿದರು. ಜನ ಕುಣಿದರು. ಕಚೇರಿಯ ಸಾಹೇಬರು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ.

ನಾಡಿದ್ದು ನಮ್ಮ ಪ್ರದರ್ಶನ.

ಮಾರ್ಚ್ ೧೧, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಜನ ತುಂಬಿದ್ದರು. ಮೆಟ್ಟಿಲ ಮೇಲೂ ಕೂತಿದ್ದರು. ವಾರಪತ್ರಿಕೆ ಹಿಡಿದು ಬೆಂಚಿನ ಮೇಲೆ ಕೂತೆ. ಬೆಳಕು ಬಿದ್ದಾಗ ಮೈಯೆಲ್ಲ ಬೆವರಿತು, ಆಮೇಲೆ ರೂಢಿಯಾಯಿತು. ಮುಕ್ಕಾಲು ನಾಟಕ ಚೆನ್ನಾಗಿ ಹೋಯಿತು. ಒಂದೆರಡು ಕಡೆ ಮಾತು ಕೊಟ್ಟೆ, ಹಿಡಿದರು. ಜನ ನಗುವಲ್ಲಿ ನಕ್ಕರು.

ಕೊನೆಯ ದೃಶ್ಯ. ರೋಗಿಗಳೆಲ್ಲ ಹೋಗಿದ್ದಾರೆ. ದೊರೆ ಸ್ಟೆತಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. "ಮೊದಲನೇ ದಿನ ಇದೇ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲಲ್ಲಿ ಒಬ್ಬಳು ಹೆಂಗಸು ಬಂದು ನಿಂತಳು" ಎಂದರು. ನಿಂತರು. ಭುಜ ಏರಿತು.

ಮುಂದಿನ ಸಾಲು ಕೊಟ್ಟೆ. ಹಿಡಿಯಲಿಲ್ಲ. ಮತ್ತೆ ಕೊಟ್ಟೆ. ಕಾಂಪೌಂಡರ್ ವೇಷದಲ್ಲಿದ್ದ ಬ್ಯಾಂಕಿನವರು ಸೀಸೆಗಳನ್ನು ಸುಮ್ಮಸುಮ್ಮನೆ ಒರೆಸತೊಡಗಿದರು. ದೊರೆ ನನ್ನ ಪಿಸುಮಾತು ಬಂದ ದಿಕ್ಕಿಗೆ ತಿರುಗಿದರು. ಬೆಂಚಿನ ತನಕ ನಡೆದು ಬಂದರು. ರಾಜನ ನಡಿಗೆಯಲ್ಲ. ವಾರಪತ್ರಿಕೆಯನ್ನು ಬೆರಳಿನಿಂದ ಕೆಳಗೆ ಒತ್ತಿ ನನ್ನ ಮುಖ ನೋಡಿದರು.

"ನೀವು ಯಾವಾಗಿಂದ ಕೂತಿದ್ದೀರಿ?"

ನನ್ನನ್ನು ಅವರು ನೀವು ಎಂದದ್ದು ಹೆಣ್ಣು ನೋಡಲು ಬಂದ ದಿನ ಮಾತ್ರ.

"ಬೆಳಿಗ್ಗೆಯಿಂದ, ಡಾಕ್ಟರೇ" ಎಂದೆ. ನನ್ನ ಧ್ವನಿ ಹಿಂದಿನ ಗೋಡೆಗೆ ಬಡಿದು ವಾಪಸು ಬಂತು. ಯಾರದೋ ಅನ್ನಿಸಿತು.

"ಯಾರೂ ಕರೀಲಿಲ್ವಾ?"

"ಇಲ್ಲ."

"ಏನು ತೊಂದರೆ?"

ನೂರಾರು ಜನ ನೋಡುತ್ತಿದ್ದರು. ನನಗೆ ಮಾತು ಕೊಡುವವರು ಯಾರೂ ಇರಲಿಲ್ಲ.

"ತೊಂದರೆ ಏನಿಲ್ಲ. ನೀವು ಮೊದಲನೇ ದಿನದ ಕಥೆ ಹೇಳ್ತಿದ್ರಿ. ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಳು ಅಂದ್ರಿ. ಅವಳನ್ನ ಅಲ್ಲೇ ನಿಲ್ಲಿಸಿಬಿಟ್ರೆ ನಾನು ಮನೆಗೆ ಹೇಗೆ ಹೋಗ್ಲಿ?"

ಜನ ನಕ್ಕರು. ದೊರೆ ನಗಲಿಲ್ಲ.

"ಅವಳ ಕೈಯಲ್ಲಿ ಏನೋ ಇತ್ತು" ಎಂದರು.

"ಏನಿತ್ತು?"

"ಛತ್ರಿ."

"ಮಳೆ ಇತ್ತಾ?"

"ಇಲ್ಲ. ಸುಡುಬಿಸಿಲು. ನಾನು ನಕ್ಕೆ."

"ನಕ್ಕಿದ್ದಕ್ಕೆ ಅವಳೇನಂದ್ಲು?"

ಅಲ್ಲಿಗೆ ಭುಜ ಇಳಿಯಿತು. ನನ್ನ ಪಕ್ಕ ಕೂತರು. ಉಳಿದದ್ದನ್ನೆಲ್ಲ ಒಬ್ಬರೇ ಹೇಳಿದರು, ಒಂದು ಅಕ್ಷರ ಬಿಡದೆ, ಕಾಂಪೌಂಡರಿಗೆ ಹೇಳಬೇಕಾದ್ದನ್ನು ನನಗೆ. ಎದ್ದು ದೀಪ ಆರಿಸಿದರು. ಕತ್ತಲೆಯಲ್ಲಿ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮಾರ್ಚ್ ೧೨, ಗುರುವಾರ

ಮೊದಲ ಬಹುಮಾನ. ಭಾನುವಾರ, ಉತ್ಸವದ ಕೊನೆಯ ದಿನ, ನಾಟಕ ಮತ್ತೊಮ್ಮೆ ನಡೆಯಬೇಕು. ತೀರ್ಪುಗಾರರಿಗೆ ಬೆಂಚಿನ ಪ್ರಸಂಗವೇ ಎಲ್ಲಕ್ಕಿಂತ ಹಿಡಿಸಿತಂತೆ. ನನ್ನ ಮನೆಯಲ್ಲಿ ತಂಡದವರೆಲ್ಲ ಸೇರಿದ್ದರು.

"ಬೇಕೂಂತಲೇ ಮಾಡಿದ್ದು" ಎಂದರು ದೊರೆ. "ಇವಳು ಆ ಬೆಂಚಿನ ಮೇಲೆ ಮುಖ ಗಂಟು ಹಾಕ್ಕೊಂಡು ಕೂತಿದ್ಲು. ಜನ ಏನೋ ವಾಸಿಯಾಗದ ಕಾಯಿಲೆ ಅಂದ್ಕೋತಾರೆ ಅಂತ ಮಾತಾಡಿಸ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನನಗೆ ಮೊದಲೇ ಹೇಳ್ಬಾರ್ದಿತ್ತಾ ಸರ್? ನನ್ನ ಜೀವ ಬಾಯಿಗೆ ಬಂದಿತ್ತು" ಎಂದಳು ನಿರ್ದೇಶಕಿ. ಭಾನುವಾರವೂ ಹಾಗೇ ಮಾಡಬೇಕೆಂದಳು.

ಬೇಕೆಂದೇ ಮಾಡಿದ್ದೆಂಬ ಮಾತು ಹಾಗೇ ಉಳಿಯಬಹುದಿತ್ತು. ಬಹುಶಃ ಅವರೂ ನಂಬಿದ್ದರು. ನಾನು ಒಳಗೆ ಲೋಟ ತೊಳೆಯುತ್ತಿದ್ದಾಗ ದೊರೆ ಬಂದು ಬಾಗಿಲಿಗೆ ಒರಗಿ ನಿಂತರು. ದನಿ ತಗ್ಗಿಸಿ ಕೇಳಿದರು:

"ಇವಳೇ, ನಾಟಕ ಆಯ್ತಾ?"

"ಆಯ್ತು."

"ಪೂರ್ತಿ?"

"ಪೂರ್ತಿ."

"ನಾನು ಮಾಡಿದ್ನಾ?"

ಮಾರ್ಚ್ ೧೩, ಶುಕ್ರವಾರ

ಶಾಲೆಗೇ ಹೋಗಿ ನಿರ್ದೇಶಕಿಗೆ ಹೇಳಿದೆ.

"ಅವತ್ತು ಕೇಳ್ದಾಗ ಏನೂ ಇಲ್ಲ ಅಂದ್ರಿ."

"ಸುಳ್ಳು ಹೇಳಿದೆ."

"ಅಕ್ಕ, ಇಡೀ ತಂಡವನ್ನ ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೆ ನಾನು." ಕೋಪ ಬಂದಿತ್ತು, ಬರಬೇಕಾದ್ದೇ. ಸೀಮೆಸುಣ್ಣವನ್ನು ತುಂಡು ಮಾಡುತ್ತ ಕೂತಳು. "ಭಾನುವಾರ ನೀವು ಬೇಡ ಅಂತ ಸರ್‌ಗೆ ಯಾರು ಹೇಳ್ತಾರೆ?"

ನಾನು ಎಂದೆ.

ಮಾರ್ಚ್ ೧೪, ಶನಿವಾರ

ದೊರೆಯ ಮನೆಗೆ ಹೋದೆ. ಒಳಗೆ ಕತ್ತಲಿತ್ತು. ಸ್ವಿಚ್ಚಿಗಾಗಿ ನಾನು ಎಡಗಡೆಯ ಗೋಡೆಯನ್ನೆಲ್ಲ ತಡವಿದೆ.

"ಈ ಕಡೆ" ಎಂದು ಅವರೇ ಎದ್ದು ದೀಪ ಹಾಕಿದರು. ಡಾಕ್ಟರ ಕೋಟು ಹಾಕಿಕೊಂಡು ಕೂತಿದ್ದರು.

"ನಾಳೆ ನೀವು ಮಾಡೋದು ಬೇಡ. ಬ್ಯಾಂಕಿನವರು ಮಾಡ್ತಾರೆ."

"ಅವನಾ? ಅವನ ಕೈಗೆ ಸ್ಟೆತಸ್ಕೋಪ್ ಕೊಟ್ರೆ ಪಶು ಆಸ್ಪತ್ರೆ ಆಗುತ್ತೆ." ಆಮೇಲೆ, "ಯಾರ ತೀರ್ಮಾನ ಇದು?"

"ನಂದೇ."

"ನೀನು ಯಾವಾಗ್ಲೂ ಮಾತು ಕೊಡೋಳು. ಕಿತ್ಕೊಳ್ಳೋದು ಯಾವಾಗ ಕಲಿತೆ?"

ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು, ಮತ್ತೆ ಹಾಕಿದರು.

"ಮರೆತಿದ್ದು ಜನಕ್ಕೆ ಗೊತ್ತಾಯ್ತಾ?"

"ಇಲ್ಲ."

"ನಿನಗೆ?"

"ನನಗೆ ಫೆಬ್ರವರಿಯಲ್ಲೇ ಗೊತ್ತಾಯ್ತು."

"ನನಗೆ ಅದಕ್ಕೂ ಮುಂಚೆ" ಎಂದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಅವನಿಗೆ ತೋಳು ಉದ್ದ ಆಗುತ್ತೆ. ಮಡಚಿ ಹೊಲಿದುಕೊಡು. ಹಾಗಾದ್ರೆ ನಾನು ನಾಳೆ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ಲಾ?"

"ಬೆಂಚಿನ ಮೇಲೆ ಇನ್ನೊಬ್ರಿಗೆ ಜಾಗ ಇದೆ" ಎಂದೆ.

ಮಾರ್ಚ್ ೧೫, ಭಾನುವಾರ

ಪ್ರದರ್ಶನ ಮುಗಿಯಿತು. ಬ್ಯಾಂಕಿನವರು ಮೋಸ ಮಾಡಲಿಲ್ಲ. ಧ್ವನಿ ಸ್ವಲ್ಪ ತೆಳು. ಕಾಂಪೌಂಡರ್ ಪಾತ್ರವನ್ನು ನಿರ್ದೇಶಕಿಯೇ ಮಾಡಿದಳು. ನನ್ನ ಪಕ್ಕದಲ್ಲಿ ದೊರೆ ಶಾಲು ಹೊದ್ದು ಕೂತಿದ್ದರು. ಮೊದಮೊದಲು ಎಲ್ಲ ಮಾತಿಗೂ ತುಟಿ ಆಡಿಸುತ್ತಿದ್ದರು, ಆಮೇಲೆ ನಿಲ್ಲಿಸಿದರು.

ಎರಡನೇ ದೃಶ್ಯದಲ್ಲಿ ಬ್ಯಾಂಕಿನವರ ಭುಜ ಏರಿತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಮಾತು ಹೋಯಿತು. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಮುಟ್ಟಬೇಕಾದ ಕಿವಿಗೆ ಮುಟ್ಟಿ ಅಲ್ಲೇ ನಿಂತಿತು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಾಗಿದರು.

"ಇವಳೇ, ನಮ್ಮನ್ನ ಯಾವಾಗ ಕರೀತಾರೆ?"

"ಕರೆಯಲ್ಲ. ನಾಟಕದಲ್ಲಿ ಹಾಗಿಲ್ಲ."

"ಮತ್ತೆ ಯಾಕೆ ಕೂತಿದ್ದೀವಿ?"

"ಅವರು ಮರೆತ್ರೆ ಹೇಳೋಕೆ."

"ನಾನು ಮರೆತ್ರೆ?"

"ಸುಮ್ನೆ ಕೂತ್ಕೊಳ್ರೀ, ಜನ ನೋಡ್ತಾರೆ."

ಸುಮ್ಮನೆ ಕೂತರು.

ನಾಳೆ ಬೆಳಿಗ್ಗೆ ಮಗಳು ಬರುತ್ತಾಳೆ. ಅವಳ ಕೋಣೆಯಲ್ಲಿ ದೊರೆ ಮಲಗಿದ್ದಾರೆ. ಅವಳಿಗೆ ನನ್ನ ಕೋಣೆಯಲ್ಲೇ ಹಾಸಬೇಕು.